ಮಾರ್ಗನ್‌ರ ಜಾರುಗಂಬ

ಹಳೇ ಮಾರ್ಗನ್ ತ್ರೀ-ವೀಲರ್ ಗಾಡಿಯನ್ನ ಇವತ್ತಿಗೂ ಮಗುವಿನ ಹಾಗೆ ನೋಡಿಕೊಂಡು ಓಡಿಸೋ ಜನ ಇಂಗ್ಲೆಂಡಿನಲ್ಲಿ ಬೇಕಾದಷ್ಟಿದ್ದಾರೆ. ಅವರೆಲ್ಲರಿಗೂ ಪರಿಚಯವಿರುವ ಒಂದು ಸದ್ದಿದೆ. ಮುಂದಿನ ಗಾಲಿ ಗುಂಡಿಗಿಳಿದು ಎದ್ದಾಗಲೆಲ್ಲ ಕೀಂಚ್ ಅಂತ ಒಂದು ಕೂಗು. ಬಾವಿಯ ರಾಟೆಗೆ ಎಣ್ಣೆ ಬಿಡದೆ ಹಗ್ಗ ಎಳೆದರೆ ಬರುತ್ತಲ್ಲ, ಆ ಜಾತಿಯದು. ಎಂಜಿನ್ನಿನ ಅಬ್ಬರದಲ್ಲಿ ಮುಚ್ಚಿಹೋಗಿದ್ದು, ಗಾಡಿ ನಿಧಾನ ಆದಾಗ ಹೊರಗೆ ಬರುತ್ತೆ. ಎಣ್ಣೆ ಬಿಟ್ಟರೆ ಒಂದು ವಾರ ಸುಮ್ಮನಿರುತ್ತೆ, ಮತ್ತೆ ಶುರು.

ಈ ಸದ್ದು ಎಲ್ಲಿಂದ ಬರುತ್ತೆ ಅಂತ ಹುಡುಕುತ್ತಾ ಹೋದರೆ ಕೊನೆಗೆ ಒಬ್ಬ ಮನುಷ್ಯನ ಹತ್ತಿರ ಬಂದು ನಿಲ್ಲುತ್ತೇವೆ. ಹೆಸರು ಹೆನ್ರಿ ಫ್ರೆಡರಿಕ್ ಸ್ಟ್ಯಾನ್ಲಿ ಮಾರ್ಗನ್. ಕಾರ್ಖಾನೆಯಲ್ಲಿ ಎಲ್ಲರೂ ಎಚ್.ಎಫ್.ಎಸ್. ಅಂತಲೇ ಕರೆಯುತ್ತಿದ್ದರು, ನಾವೂ ಹಾಗೇ ಕರೆಯೋಣ. ಆಟೋಮೊಬೈಲ್ ಓದುವವರಿಗೆ ಸಸ್ಪೆನ್ಷನ್ ಪಾಠದಲ್ಲಿ ಸ್ಲೈಡಿಂಗ್ ಪಿಲ್ಲರ್ ಅಂತ ಒಂದು ಚಿತ್ರ ಬರುತ್ತಲ್ಲ, ಪರೀಕ್ಷೆಗೆ ಬರಲ್ಲ ಅಂತ ನಾವೆಲ್ಲ ಹಾರಿಸಿಬಿಡೋದು, ಅದರ ಹಿಂದಿರುವ ಮುಖ್ಯ ಹೆಸರು ಇವರದೇ.

ಎಚ್.ಎಫ್.ಎಸ್. ಹುಟ್ಟಿದ್ದು 1881ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ. ತಂದೆ ಸ್ಟೋಕ್ ಲೇಸಿ ಅನ್ನೋ ಹಳ್ಳಿಯ ಚರ್ಚಿನ ಪಾದ್ರಿ. ಪಾದ್ರಿಯ ಮಗ ಪಾದ್ರಿಯಾಗಬೇಕು ಅಂತ ಎಲ್ಲರೂ ಅಂದುಕೊಳ್ಳುವ ಕಾಲ ಅದು. ಆದರೆ ಈ ಹುಡುಗನಿಗೆ ಯಂತ್ರಗಳ ಹುಚ್ಚು. ಹೆಸರಾಂತ ಮಾರ್ಲ್‌ಬರೋ ಕಾಲೇಜಿಗೆ ಸೇರಿಸಿದರೆ ಆರೋಗ್ಯವೂ ಹಿಡಿಸಲಿಲ್ಲ, ಮನಸ್ಸೂ ಹಿಡಿಸಲಿಲ್ಲ. ಅಪ್ಪ ಹಟ ಹಿಡಿಯದೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಜಿನಿಯರಿಂಗ್ ಶಾಲೆಗೆ ಕಳಿಸಿದರು. ಈ ಅಪ್ಪನ ಬಗ್ಗೆಯೇ ಒಂದು ಲೇಖನ ಬರೆಯಬಹುದು ಬಿಡಿ. ಮಗ ಯುವಕನಾಗಿದ್ದಾಗ ಒಂದು ಬೆನ್ಜ್ ಕಾರು ಬಾಡಿಗೆಗೆ ತಗೊಂಡು, ಬ್ರೋಮ್‌ಯಾರ್ಡ್ ಹತ್ತಿರದ ಕಡಿದಾದ ಇಳಿಜಾರಿನಲ್ಲಿ ಹಿಡಿತ ತಪ್ಪಿಸಿಕೊಂಡ. ರಿಪೇರಿಗೆ 28 ಪೌಂಡ್ ಆಯಿತು. ಕಟ್ಟಿದ್ದು ಅಪ್ಪನೇ. ಮುಂದೆ ಮಗನ ಕಂಪನಿಗೆ ಬಂಡವಾಳ ಹಾಕಿದ್ದೂ ಇದೇ ಅಪ್ಪ. ಮಗನ ಗಾಡಿಗಳು ಸ್ಪರ್ಧೆಗೆ ಬಂದಾಗ ಉದ್ದ ಕೋಟು, ಎತ್ತರದ ಟೋಪಿ ಹಾಕಿಕೊಂಡು ಈ ಪಾದ್ರಿ ದಾರಿ ಪಕ್ಕ ಹಾಜರಾಗುತ್ತಿದ್ದರಂತೆ. ಮಗನ ಗಾಡಿಯನ್ನ ಯಾರಾದರೂ ಟೀಕಿಸಿದರೆ ಪತ್ರಿಕೆಗೆ ಉತ್ತರ ಬರೆಯೋದೂ ಅವರೇ.

ಹದಿನೆಂಟನೇ ವಯಸ್ಸಿಗೆ ಎಚ್.ಎಫ್.ಎಸ್. ಗ್ರೇಟ್ ವೆಸ್ಟರ್ನ್ ರೈಲ್ವೆಯ ಸ್ವಿಂಡನ್ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದರು. ಅಲ್ಲಿ ಮುಖ್ಯ ಎಂಜಿನಿಯರ್ ವಿಲಿಯಂ ಡೀನ್. ಇಲ್ಲಿ ನಮ್ಮದೊಂದು ಊಹೆ ಹೇಳಿಬಿಡುತ್ತೇವೆ. ಉಗಿಬಂಡಿಯ ಚಕ್ರದ ಆಕ್ಸಲ್ ಬಾಕ್ಸು ಚೌಕಟ್ಟಿನ ಎರಡು ನೆಟ್ಟನೆ ಗೈಡುಗಳ ನಡುವೆ ಮೇಲೆ ಕೆಳಗೆ ಜಾರುತ್ತೆ, ಸ್ಪ್ರಿಂಗು ಭಾರ ಹೊರುತ್ತೆ. ಪ್ರತಿ ಪ್ರಯಾಣಕ್ಕೂ ಮೊದಲು ಎಣ್ಣೆ ಡಬ್ಬಿ ಹಿಡಿದ ಒಬ್ಬ ಮನುಷ್ಯ ಬಂಡಿ ಸುತ್ತಾ ಓಡಾಡಿ, ಜಾರುವ ಜಾಗಕ್ಕೆಲ್ಲ ಎಣ್ಣೆ ಬಿಡುತ್ತಾನೆ. ಅದನ್ನ ದಿನಾ ನೋಡಿ ಬೆಳೆದ ಹುಡುಗನಿಗೆ ಜಾರುವ ಭಾಗ ಇದ್ದರೆ ಎಣ್ಣೆ ಬಿಡೋದು ಒಂದು ತೊಂದರೆ ಅಂತಲೇ ಅನ್ನಿಸಿರಲಿಕ್ಕಿಲ್ಲ. ಮುಂದೆ ತನ್ನ ಗಿರಾಕಿಗಳ ಕೈಗೂ ಅವರು ಎಣ್ಣೆ ಡಬ್ಬಿ ಕೊಟ್ಟರು.

ರೈಲ್ವೆ ಬಿಟ್ಟು 1905ರ ಹೊತ್ತಿಗೆ ಮಾಲ್ವರ್ನ್ ಲಿಂಕ್ ಅನ್ನೋ ಊರಿನಲ್ಲಿ ಗೆಳೆಯನ ಜೊತೆ ಗ್ಯಾರೇಜು ತೆರೆದರು. ವುಲ್ಸ್‌ಲೀ, ಡರಾಕ್ ಕಾರುಗಳ ಏಜೆನ್ಸಿ, ಜೊತೆಗೊಂದು ಸಣ್ಣ ಬಸ್ ಸರ್ವೀಸು. ಬಸ್ಸು ಅಷ್ಟೇನೂ ಲಾಭ ತರಲಿಲ್ಲ. ಆಗ ಅವರು ಸ್ವಂತಕ್ಕೆ ಓಡಿಸುತ್ತಿದ್ದದ್ದು ಈಗಲ್ ಟ್ಯಾಂಡಮ್ ಅನ್ನೋ ಮೂರು ಗಾಲಿಯ ಗಾಡಿ. ಮೂರು ಗಾಲಿಯ ರುಚಿ ಹತ್ತಿದ್ದು ಅಲ್ಲಿಂದ.

1909ರಲ್ಲಿ ಮೋಟಾರ್ ಸೈಕಲ್ ಕಟ್ಟೋಣ ಅಂತ ಒಂದು 7 ಹಾರ್ಸ್‌ಪವರ್ ಪ್ಯೂಜೋ ವಿ-ಟ್ವಿನ್ ಎಂಜಿನ್ ಕೊಂಡುಕೊಂಡರು. ಎರಡು ಗಾಲಿಯ ಮೇಲೆ ಅದನ್ನ ಕೂರಿಸೋ ಬದಲು ಮೂರು ಗಾಲಿಯ ಹಗುರ ಗಾಡಿಯೊಂದನ್ನ ಮಾಡಿದರು. ನಮ್ಮ ಆಟೋ ಮನಸ್ಸಿಗೆ ತಂದುಕೊಳ್ಳಬೇಡಿ, ಇದು ಅದರ ಉಲ್ಟಾ. ಮುಂದೆ ಎರಡು ಗಾಲಿ, ಹಿಂದೆ ಒಂದು. ಎಂಜಿನ್ ಎಲ್ಲಕ್ಕಿಂತ ಮುಂದೆ. ನಡುವೆ ಬೆನ್ನುಮೂಳೆಯ ಹಾಗೆ ಒಂದು ಕೊಳವೆ, ಅದರೊಳಗೆ ಶಾಫ್ಟು, ಹಿಂದಿನ ಗಾಲಿಗೆ ಎರಡು ಚೈನು. ಒಂದು ಚೈನು ನಿಧಾನಕ್ಕೆ, ಇನ್ನೊಂದು ವೇಗಕ್ಕೆ. ಬೇಕಾದ್ದನ್ನ ಡಾಗ್ ಕ್ಲಚ್ಚಿನಲ್ಲಿ ಕಚ್ಚಿಸೋದು, ಅಷ್ಟೇ ಗೇರ್‌ಬಾಕ್ಸು. ಡಿಫರೆನ್ಷಿಯಲ್ ಬೇಕಾಗಿಲ್ಲ, ಯಾಕಂದ್ರೆ ಓಡಿಸುವ ಗಾಲಿ ಒಂದೇ. ರಿವರ್ಸ್ ಇಲ್ಲ, ಇಳಿದು ತಳ್ಳಿ. ಒಬ್ಬರಿಗೆ ಮಾತ್ರ ಸೀಟು, ಸ್ಟೀರಿಂಗ್ ಚಕ್ರದ ಬದಲು ಒಂದು ಹಿಡಿಕೋಲು. ಸ್ವಂತ ಗ್ಯಾರೇಜಿನಲ್ಲಿ ಸಲಕರಣೆ ಸಾಲದೆ, ಮಾಲ್ವರ್ನ್ ಕಾಲೇಜಿನ ಎಂಜಿನಿಯರಿಂಗ್ ಮೇಷ್ಟ್ರು ಸ್ಟೀಫನ್‌ಸನ್-ಪೀಚ್ ಅವರ ಸಹಾಯದಿಂದ ಕಾಲೇಜಿನ ವರ್ಕ್‌ಶಾಪಿನಲ್ಲೇ ಈ ಕೆಲಸ ನಡೆಯಿತು. ಕಾಲೇಜು ವರ್ಕ್‌ಶಾಪಿನಲ್ಲಿ ಹುಟ್ಟಿದ ಗಾಡಿ ಅಂತ ನಾವು ಸ್ವಲ್ಪ ಕಾಲರ್ ಎತ್ತಿಕೊಳ್ಳಬಹುದು.

ಈಗ ಆ ಮುಂದಿನ ಗಾಲಿಗಳ ವಿಷಯಕ್ಕೆ ಬರೋಣ. ಆ ಕಾಲದ ಹೆಚ್ಚಿನ ಕಾರುಗಳಿಗೆ ಮುಂದುಗಡೆ ಇದ್ದದ್ದು ಎತ್ತಿನ ಗಾಡಿಯಂಥ ಗಟ್ಟಿ ಅಚ್ಚು. ಒಂದು ಗಾಲಿ ಕಲ್ಲು ಹತ್ತಿದರೆ ಇನ್ನೊಂದೂ ವಾಲುತ್ತೆ. ಎಚ್.ಎಫ್.ಎಸ್. ಎರಡೂ ಗಾಲಿಗೆ ಬೇರೆ ಬೇರೆ ಸಸ್ಪೆನ್ಷನ್ ಕೊಟ್ಟರು. ಗಾಡಿಯ ಎರಡೂ ಪಕ್ಕದ ತುದಿಯಲ್ಲಿ ಮೇಲಿನ ಕೊಳವೆಗೂ ಕೆಳಗಿನ ಕೊಳವೆಗೂ ನಡುವೆ ನೆಟ್ಟಗೆ ಒಂದು ಉಕ್ಕಿನ ಪಿನ್ನು. ಗಾಲಿ ಹೊತ್ತ ಸ್ಟಬ್ ಆಕ್ಸಲ್ ಈ ಪಿನ್ನಿನ ಮೇಲೆ ಕಂಚಿನ ಬುಷ್ ಹಾಕಿಕೊಂಡು ಕೂತಿರುತ್ತೆ. ಮೇಲೊಂದು ದೊಡ್ಡ ಸ್ಪ್ರಿಂಗು, ಗಾಲಿ ಕೆಳಗೆ ಬಿದ್ದಾಗ ತಡೆಯೋಕೆ ಅಡಿಯಲ್ಲೊಂದು ಚಿಕ್ಕದು. ಗಾಲಿ ಗುಂಡಿಗಿಳಿದರೆ ಬುಷ್ ಪಿನ್ನಿನುದ್ದಕ್ಕೂ ಜಾರುತ್ತೆ. ಸ್ಟೀರಿಂಗ್ ತಿರುಗಿಸಿದರೆ ಅದೇ ಬುಷ್ ಅದೇ ಪಿನ್ನಿನ ಸುತ್ತ ತಿರುಗುತ್ತೆ. ಎರಡು ಕೆಲಸಕ್ಕೆ ಒಂದೇ ಪಿನ್ನು. ಮೊಸರುಕುಡಿಕೆ ಹಬ್ಬದಲ್ಲಿ ಎಣ್ಣೆ ಸವರಿದ ಕಂಬ ನೆಡುತ್ತಾರಲ್ಲ, ನಾವು ಇದಕ್ಕೆ ಜಾರುಗಂಬ ಅಂತ ಹೆಸರಿಟ್ಟುಕೊಂಡಿದ್ದೇವೆ. ಅಲ್ಲಿ ಯಾರೂ ಹತ್ತದಿರಲಿ ಅಂತ ಎಣ್ಣೆ, ಇಲ್ಲಿ ಗಾಲಿ ಸಲೀಸಾಗಿ ಹತ್ತಿ ಇಳಿಯಲಿ ಅಂತ.

ಇಂಥ ಕಲ್ಪನೆ ಜಗತ್ತಿನಲ್ಲೇ ಮೊದಲು ಅಂತ ಹೇಳಿದರೆ ತಪ್ಪಾಗುತ್ತೆ. ಫ್ರಾನ್ಸಿನ ಡೆಕೊವಿಲ್ ಕಂಪನಿ 1898ರಲ್ಲೇ ಹತ್ತಿರದ್ದೊಂದು ಮಾಡಿತ್ತು. ಆದರೆ ಅದನ್ನ ಇಷ್ಟು ಹಗುರವಾಗಿ, ಇಷ್ಟು ಕಡಿಮೆ ಭಾಗಗಳಲ್ಲಿ ಮುಗಿಸಿ, ಮಾರಿ ಬದುಕಿದವರು ಎಚ್.ಎಫ್.ಎಸ್. ಪೇಟೆಂಟಿಗೆ ನಕ್ಷೆ ಬರೆದುಕೊಟ್ಟದ್ದು ಪೇಟೆಂಟ್ ಏಜೆಂಟರ ಆಫೀಸಿನ ಒಬ್ಬ ಚುರುಕು ಹುಡುಗ, ಹೆಸರು ಜಾನ್ ಬ್ಲಾಕ್. ಈ ಹೆಸರು ನೆನಪಿರಲಿ.

ಹಾಗಾದರೆ ಕೀಂಚ್ ಅನ್ನೋದು ಯಾಕೆ? ಗಾಲಿ ಇರೋದು ಪಿನ್ನಿನಿಂದ ಹೊರಗೆ. ನೆಲ ಗಾಲಿಯನ್ನ ಮೇಲಕ್ಕೆ ಒತ್ತಿದಾಗ ಬುಷ್ ನೆಟ್ಟಗೆ ಜಾರೋದರ ಜೊತೆಗೆ ಸ್ವಲ್ಪ ಓರೆಯಾಗಿ ತಿರುಚಿಕೊಳ್ಳಲೂ ನೋಡುತ್ತೆ. ಅದರ ಮೇಲಿನ ಅಂಚು ಒಂದು ಪಕ್ಕ, ಕೆಳಗಿನ ಅಂಚು ಇನ್ನೊಂದು ಪಕ್ಕ ಪಿನ್ನನ್ನ ಅಮುಕುತ್ತೆ. ಮೇಜಿನ ಡ್ರಾಯರನ್ನ ಒಂದೇ ಮೂಲೆಯಿಂದ ಎಳೆದರೆ ಸಿಕ್ಕಿಕೊಳ್ಳುತ್ತಲ್ಲ, ಅದೇ ಕಥೆ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಈ ಒತ್ತಡ ಇನ್ನೂ ಜಾಸ್ತಿ. ನಡುವೆ ಎಣ್ಣೆಯ ಪದರ ಇದ್ದರೆ ಸರಿ. ಒಣಗಿದ್ದರೆ ಬುಷ್ ಒಂದು ಕ್ಷಣ ಕಚ್ಚಿಕೊಳ್ಳುತ್ತೆ, ಬಲ ಏರುತ್ತೆ, ತಟ್ಟನೆ ಬಿಡುತ್ತೆ, ಮತ್ತೆ ಕಚ್ಚಿಕೊಳ್ಳುತ್ತೆ. ನಿಂತಾಗಿನ ಘರ್ಷಣೆ ಜಾರುವಾಗಿನ ಘರ್ಷಣೆಗಿಂತ ಹೆಚ್ಚು ಅಂತ ಫಸ್ಟ್ ಸೆಮಿಸ್ಟರ್ ಮೆಕ್ಯಾನಿಕ್ಸಿನಲ್ಲಿ ಬರೆದಿದ್ದೆವಲ್ಲ, ಅದರ ಸದ್ದು ಇದು. ಈ ಕಚ್ಚೋದು ಬಿಡೋದು ಸೆಕೆಂಡಿಗೆ ನೂರಾರು ಸಲ ನಡೆದರೆ ಕಿವಿಗೆ ಕೀಂಚ್ ಅಂತ ಕೇಳುತ್ತೆ. ಪಿಟೀಲಿನ ಕಮಾನು ತಂತಿಯನ್ನ ನುಡಿಸೋದೂ ಹೀಗೇ, ಅಲ್ಲಿ ಕಾಸು ಕೊಟ್ಟು ಕೇಳುತ್ತಾರೆ.

ಹುಡುಕೋ ಕ್ರಮ ಚೆನ್ನಾಗಿದೆ, ಹಳೇ ಗಾಡಿ ಬಿಚ್ಚೋ ಯಾರಿಗಾದರೂ ಉಪಯೋಗಕ್ಕೆ ಬರುತ್ತೆ. ಮೊದಲು ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮುಂಭಾಗವನ್ನ ಕೈಯಿಂದ ಒತ್ತಿ ಬಿಡಬೇಕು. ಸದ್ದು ಬಂದರೆ ಕಳ್ಳ ಜಾರುಗಂಬದ ಸುತ್ತಮುತ್ತಲೇ ಇದ್ದಾನೆ. ಆಮೇಲೆ ಒತ್ತದೆ ಸ್ಟೀರಿಂಗ್ ಮಾತ್ರ ಆಚೀಚೆ ತಿರುಗಿಸಬೇಕು. ಒತ್ತಿದಾಗ ಸುಮ್ಮನಿದ್ದು ತಿರುಗಿಸಿದಾಗ ಮಾತ್ರ ಕೂಗಿದರೆ ಅನುಮಾನ ಸ್ಪ್ರಿಂಗಿನ ತುದಿಯ ಮೇಲೆ ಹೋಗುತ್ತೆ. ಯಾಕಂದ್ರೆ ಸ್ಪ್ರಿಂಗಿನ ಕೆಳತುದಿ ಗಾಲಿಯ ಜೊತೆ ತಿರುಗಲು ನೋಡುತ್ತೆ, ಮೇಲ್ತುದಿ ಚೌಕಟ್ಟಿಗೆ ಒತ್ತಿಕೊಂಡಿರುತ್ತೆ, ಎಲ್ಲೋ ಒಂದು ಕಡೆ ಉಜ್ಜಲೇಬೇಕು. ಸ್ಟೀರಿಂಗ್ ರಾಡಿನ ಕೀಲುಗಳನ್ನೂ ಮರೆಯುವ ಹಾಗಿಲ್ಲ. ಒಬ್ಬರು ಗಾಡಿ ಅಲ್ಲಾಡಿಸುತ್ತಿರುವಾಗ ಇನ್ನೊಬ್ಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನ ಒಂದೊಂದೇ ಭಾಗಕ್ಕೆ ತಾಗಿಸಿ ಹಿಡಿಯನ್ನ ಕಿವಿಗೆ ಒತ್ತಿಕೊಂಡರೆ ಡಾಕ್ಟರ ಸ್ಟೆತಸ್ಕೋಪೇ ಆಯಿತು.

ಎಣ್ಣೆ ಬಿಡೋದರಲ್ಲೇ ಎಲ್ಲರೂ ಅವಸರ ಮಾಡೋದು. ಸ್ಪ್ರೇ ಡಬ್ಬಿ ಹಿಡಿದು ಮುಂಭಾಗಕ್ಕೆಲ್ಲ ಅಭಿಷೇಕ ಮಾಡಿದರೆ ಸದ್ದೇನೋ ನಿಲ್ಲುತ್ತೆ. ಆದರೆ ಯಾರದು ಅಂತ ಗೊತ್ತಾಗೋದೇ ಇಲ್ಲ. ಒಂದು ಜಾಗಕ್ಕೆ ಎರಡು ಹನಿ, ನಾಲ್ಕು ಸಲ ಅಲ್ಲಾಡಿಸಿ ಕೇಳಿ, ನಿಲ್ಲದಿದ್ದರೆ ಮುಂದಿನ ಜಾಗ. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಎಷ್ಟೋ ಸಲ ಪಾಪದ ಜಾರುಗಂಬದ್ದು ಏನೂ ತಪ್ಪಿರೋದಿಲ್ಲ. ಮಡ್‌ಗಾರ್ಡಿನ ಕಂಬಿಯೋ, ಹೆಡ್‌ಲೈಟಿನ ಬ್ರಾಕೆಟ್ಟೋ, ಮರದ ಚೌಕಟ್ಟಿನ ಬಾಡಿಯೋ ಕಬ್ಬಿಣಕ್ಕೆ ಉಜ್ಜಿ ಕೂಗುತ್ತಿರುತ್ತೆ. ಮಳೆಯಲ್ಲಿ ಓಡಿಸಿದಾಗ ಸದ್ದು ಮಾಯವಾಗಿ, ಒಣಗಿದ ಮೇಲೆ ಇನ್ನೂ ಜೋರಾಗಿ ಬಂದರೆ ನೀರು ಇದ್ದಬದ್ದ ಗ್ರೀಸನ್ನೂ ತೊಳೆದುಕೊಂಡು ಹೋಗಿದೆ ಅಂತ ಅರ್ಥ. ಇನ್ನು ಗಾಲಿಯನ್ನ ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಅಂದರೆ ಅದು ಎಣ್ಣೆಯಿಂದ ಹೋಗುವ ಕಾಯಿಲೆ ಅಲ್ಲ. ಒಣಗಿದ ಬುಷ್ ಕೂಗುತ್ತೆ, ಸವೆದ ಬುಷ್ ಬಡಿಯುತ್ತೆ. ಸವೆದದ್ದನ್ನ ತೆಗೆದು ಹೊಸದು ಹಾಕಿ, ಪಿನ್ನಿನ ಅಳತೆಗೆ ರೀಮರ್ ಆಡಿಸಲೇಬೇಕು. ಆದರೆ ಮೊದಲು ಬಡಿತ ಗಾಲಿಯ ಬೇರಿಂಗಿನದೋ ಬುಷ್‌ನದೋ ಅಂತ ಒಬ್ಬರು ಕಣ್ಣಿಟ್ಟು ನೋಡಿರಬೇಕು.

ಎಚ್.ಎಫ್.ಎಸ್. ಕಥೆಗೆ ವಾಪಸ್. 1910ರ ನವೆಂಬರಿನಲ್ಲಿ ಲಂಡನ್ನಿನ ಒಲಿಂಪಿಯಾ ಮೋಟಾರ್ ಸೈಕಲ್ ಪ್ರದರ್ಶನಕ್ಕೆ ಒಂಟಿ ಸೀಟಿನ ಎರಡು ಗಾಡಿ ತಂದಿಟ್ಟರು, ಎರಡಕ್ಕೂ ಜೆ.ಎ.ಪಿ. ಎಂಜಿನ್. ಜನ ಬಂದು ನೋಡಿ ಮೆಚ್ಚಿದರು, ಆರ್ಡರ್ ಬಂದದ್ದು ಸುಮಾರು 30. ಒಂಟಿ ಸೀಟು ಯಾರಿಗೆ ಬೇಕು? ಅದೇ ಡಿಸೆಂಬರಿನಲ್ಲಿ ಲಂಡನ್-ಎಕ್ಸೆಟರ್ ಓಟಕ್ಕೆ ತಾವೇ ಗಾಡಿ ಓಡಿಸಿ ಚಿನ್ನದ ಪದಕ ತಂದರು. ಮುಂದಿನ ವರ್ಷ ಎರಡು ಸೀಟಿನದು ಮಾಡಿದ ಮೇಲೆ ಕಥೆಯೇ ಬದಲಾಯಿತು. ಲಂಡನ್ನಿನ ಶ್ರೀಮಂತರ ಅಂಗಡಿ ಹ್ಯಾರಡ್ಸ್‌ನವರು ತಮ್ಮ ಗಾಜಿನ ಕಿಟಕಿಯಲ್ಲಿ ಈ ಗಾಡಿ ಇಟ್ಟು ಮಾರಿದರು. ಆರ್ಡರ್ ಎಷ್ಟು ಬಂತು ಅಂದರೆ, ನೀವೇ ತಯಾರಿಸಿ ಅಂತ ಎಚ್.ಎಫ್.ಎಸ್. ದೊಡ್ಡ ಕಂಪನಿಗಳ ಬಾಗಿಲು ತಟ್ಟಿದರು. ಯಾರೂ ಒಪ್ಪಲಿಲ್ಲ. ಕೊನೆಗೆ ಗಿರಾಕಿಗಳು ಕೊಟ್ಟ ಮುಂಗಡ ಮತ್ತು ಅಪ್ಪನ ದುಡ್ಡಿನಲ್ಲಿ ಯಂತ್ರಗಳನ್ನ ತಂದು ತಾವೇ ಶುರು ಮಾಡಿದರು. 1912ರಲ್ಲಿ ಮಾರ್ಗನ್ ಮೋಟಾರ್ ಕಂಪನಿ ಲಿಮಿಟೆಡ್ ಆಯಿತು, ಅಪ್ಪ ಚೇರ್ಮನ್. ಅದೇ ವರ್ಷ ರೂತ್ ಡೇ ಎಂಬುವರ ಜೊತೆ ಮದುವೆ. ಆಕೆಯೂ ಪಾದ್ರಿಯ ಮಗಳೇ. ಗಂಡ ಸ್ಪರ್ಧೆಗಳಲ್ಲಿ ಬೆಟ್ಟ ಗುಡ್ಡ ಹತ್ತಿಸುವಾಗ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದ ಧೈರ್ಯವಂತೆ. ನಾಲ್ಕು ಹೆಣ್ಣುಮಕ್ಕಳು, ಒಬ್ಬ ಮಗ ಪೀಟರ್.

1912ರಲ್ಲೇ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಒಂದು ಗಂಟೆಯಲ್ಲಿ ಹತ್ತಿರ ಹತ್ತಿರ 60 ಮೈಲಿ ಓಡಿಸಿ ದಾಖಲೆ ಮಾಡಿದರು. ಮರುವರ್ಷ ಫ್ರಾನ್ಸಿನ ಅಮಿಯೆನ್ಸ್‌ನಲ್ಲಿ ನಡೆದ ಸೈಕಲ್‌ಕಾರ್ ರೇಸಿನಲ್ಲಿ ಮ್ಯಾಕ್‌ಮಿನ್ನೀಸ್ ಎಂಬುವರು ಮಾರ್ಗನ್ ಓಡಿಸಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದರು. ಆದರೆ ಫ್ರಾನ್ಸಿನವರು ಮೂರು ಗಾಲಿ ಇದ್ದರೆ ಅದು ಸೈಕಲ್‌ಕಾರ್ ಅಲ್ಲ, ಸೈಡ್‌ಕಾರ್ ಮೋಟಾರ್ ಸೈಕಲ್ಲಿನ ಜಾತಿ ಅಂತ ಬೇರೆ ಸಾಲಿಗೆ ಸೇರಿಸಿ, ಸೈಕಲ್‌ಕಾರ್ ಗೆಲುವನ್ನ ತಮ್ಮ ಬೆಡೆಲಿಯಾಗೆ ಕೊಟ್ಟುಕೊಂಡರು. ನಮಗೆ ಇದು ಪಕ್ಕಾ ಮೋಸ ಅನ್ಸುತ್ತೆ.

ತಮಾಷೆ ಏನಂದ್ರೆ ಇದೇ ಜಾತಿ ಗೊಂದಲ ಮನೆಯಲ್ಲಿ ಮಾರ್ಗನ್‌ಗೆ ವರವಾಯಿತು. 1921ರಿಂದ ಬ್ರಿಟನ್ನಿನಲ್ಲಿ ಕಾರಿಗೆ ಹಾರ್ಸ್‌ಪವರಿಗೆ ಒಂದು ಪೌಂಡಿನಂತೆ ವರ್ಷದ ತೆರಿಗೆ. 8 ಹಂಡ್ರೆಡ್‌ವೇಟ್, ಅಂದರೆ ಸುಮಾರು 406 ಕೆ.ಜಿ. ಒಳಗಿನ ಮೂರು ಗಾಲಿ ಗಾಡಿ ಮಾತ್ರ ಮೋಟಾರ್ ಸೈಕಲ್ ಲೆಕ್ಕ, ಬರೀ 4 ಪೌಂಡ್. ಈಗ ಆ ಜಾರುಗಂಬ ಯಾಕೆ ಅಷ್ಟು ಸರಳ ಅಂತ ಅರ್ಥವಾಗುತ್ತೆ. ಒಂದೊಂದು ಕೆ.ಜಿ.ಗೂ ಲೆಕ್ಕ ಕೊಡಬೇಕಿತ್ತು. 1922ರಲ್ಲಿ ಇಟಲಿಯ ವಿನ್ಸೆಂಜೊ ಲಾನ್ಚಿಯಾ ತಮ್ಮ ಲಾಂಬ್ಡಾ ಕಾರಿನಲ್ಲಿ ಇದೇ ತತ್ವ ಬಳಸಿದರು. ಆದರೆ ಅವರು ಸ್ಪ್ರಿಂಗನ್ನೂ ಜಾರುವ ಭಾಗವನ್ನೂ ಕೊಳವೆಯೊಳಗೆ ಮುಚ್ಚಿ ಎಣ್ಣೆ ತುಂಬಿಟ್ಟರು. ಧೂಳಿಲ್ಲ, ನೀರಿಲ್ಲ. ಲಾಂಬ್ಡಾ ದುಬಾರಿ ಕಾರು, ಅಂಥ ಬೆಲೆ ಕೊಡೋ ಗಿರಾಕಿ ಮಾರ್ಗನ್ ಹತ್ತಿರ ಬರುತ್ತಿರಲಿಲ್ಲ. ಎಚ್.ಎಫ್.ಎಸ್. ಪಿನ್ನನ್ನ ಬಯಲಿಗೇ ಬಿಟ್ಟು, ಉಳಿದದ್ದನ್ನ ಗಾಡಿಯ ಯಜಮಾನನ ಗ್ರೀಸ್ ಗನ್ನಿಗೆ ಒಪ್ಪಿಸಿದರು. ತಯಾರಕ ಉಳಿಸಿದ ಖರ್ಚನ್ನ ಯಜಮಾನ ಪ್ರತಿ ಭಾನುವಾರ ಮಂಡಿಯೂರಿ ತೀರಿಸಬೇಕಾಯಿತು. ಇದು ಜಾಣತನವೋ ಜಿಪುಣತನವೋ ಅಂತ ನಮ್ಮಲ್ಲೇ ಎರಡು ಪಕ್ಷ ಇದೆ. ನಮ್ಮಲ್ಲಿ ಹೆಚ್ಚಿನವರು ಜಾಣತನದ ಕಡೆ. ಕಾರು ಕೊಳ್ಳಲಾಗದವನಿಗೆ ಗಾಡಿ ಸಿಕ್ಕಿತ್ತು, ಕೆಟ್ಟರೆ ಅವನೇ ಬಿಚ್ಚಿ ನೋಡುವ ಹಾಗಿತ್ತು.

ಆದರೆ 1922ರಲ್ಲೇ ಆಸ್ಟಿನ್ ಸೆವೆನ್ ಬಂತು. ನಾಲ್ಕು ಗಾಲಿ, ನಾಲ್ಕು ಸಿಲಿಂಡರ್, ಬೆಲೆಯೂ ಕೈಗೆಟಕುವ ಹಾಗೆ. ಎರಡು ವರ್ಷ ಬಿಟ್ಟು ಬ್ರೂಕ್‌ಲ್ಯಾಂಡ್ಸ್‌ನ 200 ಮೈಲಿ ರೇಸಿನಲ್ಲಿ ವೇರ್ ಎಂಬುವರ ಮಾರ್ಗನ್ ಉರುಳಿ ಅವರಿಗೆ ತೀವ್ರ ಪೆಟ್ಟಾಯಿತು, ಆಮೇಲೆ ಕಾರುಗಳ ಜೊತೆ ತ್ರೀ-ವೀಲರ್ ರೇಸ್ ಮಾಡೋದಕ್ಕೇ ನಿಷೇಧ ಬಿತ್ತು. ಎಚ್.ಎಫ್.ಎಸ್. ಬೆಲೆ ಇಳಿಸಿದರು, ಮುಂದಿನ ಗಾಲಿಗೆ ಬ್ರೇಕ್ ಕೊಟ್ಟರು, 1930ರ ದಶಕದ ಶುರುವಿನಲ್ಲಿ ರಿವರ್ಸ್ ಸಮೇತ ಮೂರು ಸ್ಪೀಡಿನ ಗೇರ್‌ಬಾಕ್ಸ್ ಕೊಟ್ಟರು, ಫೋರ್ಡ್ ಎಂಜಿನ್ ಹಾಕಿದ ಮಾಡೆಲ್ಲೂ ಬಂತು. ಮಾರಾಟ ಇಳಿಯುತ್ತಲೇ ಹೋಯಿತು. 1936ರಲ್ಲಿ ಕೊನೆಗೂ ನಾಲ್ಕು ಗಾಲಿಯ 4-4 ಹೊರಟಿತು. ನಾಲ್ಕು ಸಿಲಿಂಡರ್, ನಾಲ್ಕು ಗಾಲಿ ಅಂತ ಆ ಹೆಸರು. ಎಂಜಿನ್ ಬೇರೆ, ಚೌಕಟ್ಟು ಬೇರೆ. ಮುಂದಿನ ಸಸ್ಪೆನ್ಷನ್ ಮಾತ್ರ 1909ರ ಅದೇ ಜಾರುಗಂಬ.

ಎರಡನೇ ಮಹಾಯುದ್ಧದ ನಂತರ ಪ್ಲಸ್ ಫೋರ್ ಮಾಡಲು ದೊಡ್ಡ ಎಂಜಿನ್ ಬೇಕಾದಾಗ ಕೊಟ್ಟದ್ದು ಸ್ಟ್ಯಾಂಡರ್ಡ್ ಕಂಪನಿ. ಅದರ ಮುಖ್ಯಸ್ಥ ಸರ್ ಜಾನ್ ಬ್ಲಾಕ್. ಹೌದು, ಪೇಟೆಂಟಿಗೆ ನಕ್ಷೆ ಬರೆದ ಅದೇ ಹುಡುಗ. ಮುಂದೆ ಸ್ಟ್ಯಾಂಡರ್ಡ್ ಕಡೆಯಿಂದ ಮಾರ್ಗನ್ ಕಂಪನಿಯನ್ನೇ ಕೊಳ್ಳುವ ಮಾತು ಬಂತು. ಅಪ್ಪ ಮಗ ಇಬ್ಬರೂ ಒಲ್ಲೆ ಅಂದರು. ಎಂಜಿನ್ ಬರೋದು ನಿಲ್ಲಲಿಲ್ಲ.

1950ರ ಆ ಪ್ಲಸ್ ಫೋರ್‌ನಲ್ಲೇ ಕೀಂಚ್ ಸದ್ದಿಗೆ ಕಾರ್ಖಾನೆಯಿಂದ ಒಂದು ಉತ್ತರ ಬಂತು. ಡ್ರೈವರಿನ ಕಾಲ ಹತ್ತಿರ ಒಂದು ಬಟನ್. ಎಂಜಿನ್ ಇನ್ನೂ ತಣ್ಣಗಿದ್ದು ಎಣ್ಣೆಯ ಒತ್ತಡ ಜೋರಾಗಿರುವಾಗ ಅದನ್ನ ಒತ್ತಿದರೆ, ಎಂಜಿನ್ನಿನ ಎಣ್ಣೆ ಸಣ್ಣ ಕೊಳವೆಗಳಲ್ಲಿ ಹರಿದು ಎರಡೂ ಪಿನ್ನುಗಳಿಗೆ ಹೋಗುತ್ತೆ. ಮಂಡಿಯೂರುವ ಕೆಲಸ ಕಾಲು ಒತ್ತುವ ಕೆಲಸವಾಯಿತು. ಪಿನ್ನು ಮಾತ್ರ ಬದಲಾಗಲಿಲ್ಲ, ಎಣ್ಣೆ ಬಿಡುವ ಜವಾಬ್ದಾರಿಯೂ ಓಡಿಸುವವನದೇ ಉಳಿಯಿತು. ಬಟನ್ ಒತ್ತೋದು ಮರೆತವರ ಗಾಡಿ ಎಂದಿನಂತೆ ಕೂಗುತ್ತಿತ್ತು.

ಮೂರು ಗಾಲಿಯ ಮಾರ್ಗನ್ ತಯಾರಿಕೆ 1952ರಲ್ಲಿ ನಿಂತಿತು. ಎಚ್.ಎಫ್.ಎಸ್. 1959ರ ಜೂನಿನಲ್ಲಿ ತೀರಿಕೊಂಡರು, 77 ವರ್ಷ. ಕಂಪನಿ ಮಗ ಪೀಟರ್ ಕೈಗೆ ಬಂತು. ಜಾರುಗಂಬ ಮಾತ್ರ ಅಪ್ಪನ ಕಾಲ, ಮಗನ ಕಾಲ, ಮೊಮ್ಮಗನ ಕಾಲ ಎಲ್ಲ ದಾಟಿಕೊಂಡು, ಆ ಹಳೇ ಉಕ್ಕಿನ ಚಾಸಿಯ ಕೊನೆಯ ಕಾರುಗಳು 2020ರಲ್ಲಿ ಮಾಲ್ವರ್ನ್ ಕಾರ್ಖಾನೆಯಿಂದ ಹೊರಡುವ ತನಕ ಓಡಿತು.